ಆದ್ದರಿಂದ

ಮುಷ್ಕರದ ಹಿಂದಿನ ದಿನ ಪಳಂಗಪ್ಪ ಸರ್
ಹಲಗೆಯ ಮೇಲೆ ಎರಡು ಸಾಲು ಬರೆದು
ಮೂರನೆಯದರ ಮೊದಲಿಗೆ ಮೂರು ಚುಕ್ಕಿ ಇಟ್ಟರು.
ಗಂಟೆ ಹೊಡೆಯಿತು.
ಮೂರು ಚುಕ್ಕಿ ಎಂದರೆ 'ಆದ್ದರಿಂದ'.
ಆಮೇಲೆ ನಲವತ್ತೇಳು ದಿನ
ಅದರ ಮುಂದೆ ಯಾರೂ ಏನೂ ಬರೆಯಲಿಲ್ಲ.

ಕಾಲೇಜಿನ ಗೇಟಿಗೆ ನೀಲಿ ಟಾರ್ಪಾಲು.
'ಹದಿನಾಲ್ಕು ವರ್ಷದಿಂದ ಅತಿಥಿ,
ಮನೆಯವರಾಗುವುದು ಯಾವಾಗ?'
ರಟ್ಟಿನ ಮೇಲಿನ ಅಕ್ಷರ ಸರ್‌ದೇ,
'ಷ'ದ ಹೊಟ್ಟೆ ಸೀಳುವ ರೀತಿ ನನಗೆ ಗೊತ್ತು.
ಮಡಿಕೇರಿಯ ಮಂಜು ಬೆಳಿಗ್ಗೆ ಬಂದು
ಕೂತವರನ್ನು ಒಬ್ಬೊಬ್ಬರಾಗಿ ಒರೆಸಿ
ಹತ್ತು ಗಂಟೆಗೆ ಮತ್ತೆ ಬರೆದಿಡುತ್ತಿತ್ತು.

ತಿಂಗಳಾಯಿತು. ಸರ್ ಅಲ್ಲಿ ಕಾಣಲಿಲ್ಲ.
ಒಂದು ಸಂಜೆ ಲೈನ್‌ಮನೆಯ ನಲ್ಲಿಯ ಬಳಿ
ಬೆರಳ ಕಾಫಿ ಕರೆ ತಿಕ್ಕುತ್ತ ಅಮ್ಮ ಹೇಳಿದಳು:
"ತೋಟಕ್ಕೆ ಹೊಸ ರೈಟರು ಬಂದವ್ನೆ. ಕನ್ನಡಕ.
ತಕ್ಕಡಿ ಮುಳ್ಳು ನಿಲ್ಲೋ ತನಕ ಕಾಯ್ತಾನೆ ಕಣೇ,
ಮೂಟೆಗೆ ಎರಡು ಕಿಲೊ ಹೊಡೆಯಲ್ಲ.
ಇಂಥವ್ನು ಈ ಕೆಲ್ಸದಲ್ಲಿ ಬಾಳಲ್ಲ ಬಿಡು."
ಅವರು ಯಾರೆಂದು ನಾನು ಹೇಳಲಿಲ್ಲ.

ಜನವರಿಯ ಒಂದು ಸೋಮವಾರ ಟಾರ್ಪಾಲು ಬಿಚ್ಚಿದರು.
ಬೇಡಿಕೆ ಏನಾಯಿತು?
ಭರವಸೆ ಸಿಕ್ಕಿತು ಎಂದರು.
ಯಾರೋ ಜೆರಾಕ್ಸ್ ತೋರಿಸಿದರು, ಸಹಿಯ ಜಾಗ ಮಸುಕು.
ಪರೀಕ್ಷೆಯ ತಾರೀಖು ಮಾತ್ರ ಮಸುಕಿರಲಿಲ್ಲ:
ಹನ್ನೊಂದು ದಿನ, ಮೂರು ಘಟಕ ಬಾಕಿ.

ತರ್ಕಶಾಸ್ತ್ರಕ್ಕೆ ನಾವು ಐದು ಜನ, ಮರಳಿದ್ದು ನಾಲ್ಕು.
ಜೋಯಪ್ಪ ಮಾಂದಲಪಟ್ಟಿಗೆ ಬಾಡಿಗೆ ಜೀಪು ಓಡಿಸುತ್ತ
ಸೂರ್ಯೋದಯ ಮಾರಲು ಕಲಿತುಬಿಟ್ಟಿದ್ದ.
ತೇವಕ್ಕೆ ಹಲಗೆಯ ಎರಡು ಸಾಲೂ ಕಲಸಿಹೋಗಿದ್ದವು,
ಚುಕ್ಕಿ ಮೂರೂ ಹಾಗೇ ಇದ್ದವು.
ಏನಿತ್ತು ಮೇಲೆ? ನಮಗೂ ನೆನಪಿಲ್ಲ, ಸರ್‌ಗೂ ಇಲ್ಲ.
ಒರೆಸಲಿಲ್ಲ ಅವರು. ಪಕ್ಕದಲ್ಲೇ ಶುರುಮಾಡಿದರು.

"ಹೊಗೆ ಕಂಡಲ್ಲಿ ಬೆಂಕಿ ಎಂದರು ಹಳಬರು.
ಅವರಿಗೆ ಈ ಊರಲ್ಲಿ ಪಾಠ ಮಾಡಿ ಗೊತ್ತಿರಲಿಲ್ಲ."
ಕಿಟಕಿಯಾಚೆ ಬೆಟ್ಟದಿಂದ ಬೆಳ್ಳಗೆ ಏನೋ ಏಳುತ್ತಿತ್ತು.
"ಬೆಂಕಿ ಆಮೇಲೆ. ಅದು ಹೊಗೆಯೇ ಅಂತ ಯಾರು ನೋಡಿದಿರಿ?"
ತಸ್ಲೀಮಾ ಎದ್ದುಹೋಗಿ ಕಿಟಕಿ ತೆಗೆದು ಮೂಸಿದಳು.
ನಾವು ನಕ್ಕೆವು.
ಸರ್ ನಗಲಿಲ್ಲ. "ಸರಿಯಾಗಿದೆ," ಎಂದರು.

ಬೆಳಿಗ್ಗೆ ಎಂಟರಿಂದ ಸಂಜೆ ಕೊನೆಯ ಬಸ್ಸಿನ ತನಕ.
ಸಿದ್ದಾಪುರದ ದಾರಿಗೆ ಆನೆ ಇಳಿದ ದಿನ
ನಾನು ಬರುವವರೆಗೂ ಸೀಮೆಸುಣ್ಣ ಹಿಡಿದು ಕಾದಿದ್ದರು.
ಸತ್ಯಕೋಷ್ಟಕ ಬರೆದು ಹಂಚಿದ ಹಾಳೆ
ತೋಟದ ತೂಕದ ಪಟ್ಟಿಯ ಬೆನ್ನು.
ಈ ಕಡೆ ಸ, ಮಿ, ಮಿ, ಸ.
ತಿರುವಿದರೆ ಹೆಸರು, ಕಿಲೊ, ಹೆಸರು, ಕಿಲೊ,
ಆರನೆಯ ಸಾಲಿನಲ್ಲಿ ನನ್ನ ಅಮ್ಮ.

ಪರೀಕ್ಷೆಯಲ್ಲಿ ಏಳನೇ ಪ್ರಶ್ನೆ:
ಮಳೆ ಬಂದರೆ ಅಂಗಳ ನೆನೆಯುತ್ತದೆ,
ಅಂಗಳ ನೆನೆದಿದೆ, ಆದ್ದರಿಂದ ಮಳೆ ಬಂದಿದೆ.
ದೋಷವಿದ್ದರೆ ಸ್ವಂತ ಉದಾಹರಣೆಯಿಂದ ವಿವರಿಸಿ.
ಬರೆದೆ:
ಬೇಡಿಕೆ ಈಡೇರಿದರೆ ಮೇಷ್ಟ್ರು ತರಗತಿಗೆ ಬರುತ್ತಾರೆ.
ಮೇಷ್ಟ್ರು ಬಂದಿದ್ದಾರೆ.
ಮೂರು ಚುಕ್ಕಿ ಇಟ್ಟೆ.
ಇಟ್ಟು, ಹೊಡೆದುಹಾಕಿದೆ.
ಇದರಿಂದ ಏನೂ ಸಿದ್ಧಿಸುವುದಿಲ್ಲ ಎಂದು ಬರೆದು
ಅಡಿಗೆರೆ ಎಳೆಯುವಾಗ ಪೆನ್ನು ಹಾಳೆ ಹರಿಯಿತು.

ಪಾಸಾದೆ, ಅರವತ್ತೊಂದು.
ಅಮ್ಮನಿಗೆ ಹೇಳಿದರೆ, "ಒಳ್ಳೇದಾಯ್ತು" ಅಂದವಳು
ಮಾತು ತೂಕಕ್ಕೆ ತಿರುಗಿಸಿದಳು:
"ಆ ಕನ್ನಡಕದವ್ನು ಬಿಟ್ಟೋದ.
ಈಗಿನವ್ನು ಮುಳ್ಳು ನಿಲ್ಲೋಕೆ ಬಿಡಲ್ಲ."

ಪುಸ್ತಕದಿಂದ ಆ ಹಾಳೆ ತೆಗೆದು ಕೊಟ್ಟೆ.
ಸ, ಮಿಗಳ ಮೇಲೆ ಕಣ್ಣೂ ಹಾಯಿಸದೆ ತಿರುವಿದಳು.
ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ.
ಆರನೆಯ ಸಾಲಿಗೆ ಕಪ್ಪು ಬೆರಳು ಒತ್ತಿ,
"ಮೂವತ್ತೆಂಟೂವರೆ," ಎಂದಳು,
"ಹ್ಞೂಂ. ಅವತ್ತಿಂದು ಸರಿ ಐತೆ."