ಅಡುಗೆಮನೆಯ ನೋಟುಬುಕ್ಕು

ತೊರುನ್ ಊರು, ನಾಲ್ಕನೇ ಮಹಡಿ.
ಮೂವತ್ತು ಲೀಟರ್ ನೀರು, ಒಂದಿಷ್ಟು ನೀರುಗಿಡ,
ಹನ್ನೊಂದು ಸಣ್ಣ ಮೀನು.
ಪಕ್ಕದಲ್ಲಿ ನೋಟುಬುಕ್ಕು, ದಾರ ಕಟ್ಟಿದ ಪೆನ್ಸಿಲ್ಲು.

ನಾನು ಬೇಕರಿಯಿಂದ ಬರುವಾಗ
ಲೆಶೆಕನ ಟ್ರಾಮು ಹೊರಟಿರುತ್ತದೆ;
ಅವನು ಬರುವಾಗ ನನ್ನ ಒಲೆ ಹೊತ್ತಿರುತ್ತದೆ.
ಸಂಸಾರವೆಲ್ಲ ಈಚೆಗೆ ಆ ಪುಸ್ತಕದಲ್ಲೇ.

ಬೆಳಗಿನ ಆರಕ್ಕೆ, ದೀಪ ಹಾಕುವ ಮೊದಲು,
ಗಾಜಿನ ನಳಿಗೆಯಲ್ಲಿ ಮೂರು ತೊಟ್ಟು: ಹಳದಿ.
ಬರೆದೆ: ಆರೂವರೆ. ಹುಳಿಯಾಗಿದೆ.
ಚಿಟಿಕೆ ಸೋಡಾ ಹಾಕಿದ್ದೇನೆ.
ಸಂಜೆ ಅವನ ಕೈಬರಹ: ನೀಲಿ! ಏಳೂವರೆ!
ಸೋಡಾ ಹಾಕೆಂದು ನಿನಗೆ ಹೇಳಿದವರ್ಯಾರು?
ವಿಸ್ತುಲಾ ದಂಡೆಯ ಆಲ್ಡರ್ ಮರದ ಒಣಕಾಯಿ
ತಂದು ಮುಳುಗಿಸಿದ. ನೀರು ಚಹಾ ಆಯಿತು.

ಎತ್ತು ಏರಿಗೆ, ಕೋಣ ನೀರಿಗೆ.
ಮೂರು ವಾರದಲ್ಲಿ ಹನ್ನೊಂದು ಎಂಟಾಯಿತು.
ಅದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಈಸ್ಟರ್ ಸೋಮವಾರ ಇಬ್ಬರಿಗೂ ರಜೆ.
ಮಾತಿಲ್ಲದೆ ಕೂತು ಗಂಟೆಗೊಮ್ಮೆ ತೊಟ್ಟು ಬಿಟ್ಟೆವು.
ಹಳದಿ.
ದೀಪ ಹತ್ತಿತು. ಎಲೆಯಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ.
ಹಸಿರು. ಊಟದ ಹೊತ್ತಿಗೂ ಹಸಿರು.
ಸಂಜೆಗೆ, ಯಾರೂ ಏನೂ ಹಾಕದೆ,
ನೀಲಿ.

ಗಿಡ ಹಗಲೆಲ್ಲ ಉಣ್ಣುವುದು ಆ ಹುಳಿಯನ್ನೇ;
ರಾತ್ರಿ ಗಿಡ, ಮೀನು, ಬಸವನಹುಳು ಎಲ್ಲ ಸೇರಿ
ಉಸಿರುಬಿಟ್ಟು ಬಿಟ್ಟು ಮತ್ತೆ ತುಂಬಿಡುತ್ತವೆ.
"ಅಂದರೆ ನಿನ್ನದೂ ಸರಿಯಿತ್ತು," ಅಂದ.
"ನಿನ್ನದೂ," ಅಂದೆ, ಸೋಡಾ ಡಬ್ಬಿಯ ಮುಚ್ಚಳ ತಿರುಗಿಸುತ್ತ.

ಡಬ್ಬಿ ಈಗ ಬೇಕರಿಯಲ್ಲಿದೆ.
ಬರೆಯುವುದು ನಿಂತಿಲ್ಲ: ಹಾಲು ಮುಗಿದಿದೆ.
ಹುಳು ಮೊಟ್ಟೆಯಿಟ್ಟಿದೆ. ಹಳದಿ.
ನಿನ್ನೆ ಅವನ ಸಾಲಿನಲ್ಲಿ ಒಂದೇ ಅಂಕಿ, ಎಂಟು.
ಎದೆ ಧಸಕ್ಕೆಂದಿತು, ನಳಿಗೆಗೆ ಕೈ ಹಾಕಿದೆ.
ಆಮೇಲೆ ಹೊಳೆಯಿತು:
ಮೀನು ಎಣಿಸಿದ್ದಾನೆ.