ಮಾದರಿ ಸಂಖ್ಯೆ ನಲವತ್ತೊಂದು

ಗಂಗೋತ್ರಿಯ ಪ್ರಯೋಗಶಾಲೆಯ ಹಿಂದಿನ ನಲ್ಲಿಯಲ್ಲಿ
ಚಿರತೆಯ ಹಿಕ್ಕೆ ತೊಳೆಯುವುದು ನನ್ನ ಎರಡನೇ ವರ್ಷದ ಓದು.
ಟೀ ಸೋಸುವುದಕ್ಕಿಂತ ಸಣ್ಣ ಕಣ್ಣಿನ ಜರಡಿ,
ಬಿಸಿನೀರು, ಮೂಗಿಗೆ ಅಮ್ಮನ ಹಳೇ ಸೀರೆಯ ತುಂಡು.
ಮಣ್ಣು ಹೋಗುತ್ತದೆ. ವಾಸನೆ ಹೋಯಿತು ಅಂದುಕೊಳ್ಳುತ್ತೇನೆ.
ಉಳಿಯುವುದು ಕೂದಲು, ಮೂಳೆಯ ಚೂರು,
ಒಮ್ಮೊಮ್ಮೆ ಗೊರಸಿನ ತುದಿ.

ಹಾಸ್ಟೆಲಿನಲ್ಲಿ ಮುತ್ತಮ್ಮ ನನ್ನ ಬಕೆಟ್ಟು ಮುಟ್ಟುವುದಿಲ್ಲ.
ಊರಲ್ಲಿ ಚಿಕ್ಕಪ್ಪ ಕೇಳಿದ್ದ,
"ಕಕ್ಕ ಬಾಚೋಕೂ ಎಂ.ಎಸ್ಸಿ ಮಾಡ್ಬೇಕಾ ಕೂಸೇ?
ನಮ್ ಕೊಟ್ಟಿಗೆ ಬಾಚಿದ್ರೆ ಪುಕ್ಕಟೆ ಪದವಿ ಕೊಡ್ತಿದ್ನಲ್ಲ!"
ಜಗಲಿ ತುಂಬ ನಗು. ನಾನೂ ನಕ್ಕೆ.

"ವನ್ಯಜೀವಿ ನಿರ್ವಹಣೆ" ಎಂದು ಹಲಗೆಯ ಮೇಲೆ ಬರೆದ ಮೊದಲ ದಿನ
ಯಾರು ಯಾರನ್ನು ನಿರ್ವಹಿಸುವುದು ಎಂದು
ನಂಜರಾಜಯ್ಯ ಮೇಷ್ಟ್ರು ನಮ್ಮನ್ನೇ ಕೇಳಿದರು.
"ಇಲಾಖೆ, ಸರ್" ಎಂದಿತು ಹಿಂದಿನ ಬೆಂಚು.
ಅವರು ಸೀಮೆಸುಣ್ಣ ಒರೆಸಿಕೊಂಡು ಸುಮ್ಮನಾದರು.
ಆ ಪ್ರಶ್ನೆ ಪರೀಕ್ಷೆಗೆ ಬರಲಿಲ್ಲ.

ನನ್ನ ಕಾಡಿಗೆ ಮರಗಳಿಲ್ಲ.
ಪಾಂಡವಪುರದಾಚೆ, ನಾಲೆಯ ಎರಡೂ ಮಗ್ಗುಲಿಗೆ
ವರ್ಷಕ್ಕೊಮ್ಮೆ ಕಡಿದು ಲಾರಿಗೆ ಹೇರುವ ಕಾಡು ಅದು.
ಕಬ್ಬಿನ ಸಾಲಿನೊಳಗೆ ಚಿರತೆ ಮರಿ ಹಾಕುತ್ತದೆ,
ಕಟಾವಿನ ದಿನ ಎತ್ತಿದ ಮಚ್ಚು ಎತ್ತಿದಂತೆಯೇ ನಿಲ್ಲುತ್ತದೆ.
ಬದು ಕೂಡುವಲ್ಲಿ
ಅದು ಗುರುತಿಗೆಂದು ಬಿಟ್ಟುಹೋದುದನ್ನು
ನಾನು ಕಾಗದದ ಚೀಲಕ್ಕೆ ಹಾಕಿ ದಿನಾಂಕ ಬರೆಯುತ್ತೇನೆ.

ನಲವತ್ತೊಂದನೆಯದು ಜರಡಿಯಲ್ಲಿ ಟಿಕ್ ಎಂದಿತು.
ಹಲ್ಲು ಅಂದುಕೊಂಡೆ.
ಗುಂಡಿ.
ನಾಲ್ಕು ತೂತಿನ ನೀಲಿ ಅಂಗಿಗುಂಡಿ,
ಸುತ್ತಿಕೊಂಡ ಕರಿದಾರ, ಒಂದರ ಮೇಲೊಂದು ಮೂರು ಗಂಟು.

ನನಗೆ ಗೊತ್ತಿತ್ತು ಆ ಗಂಟು.
ಕವಡೆ ಸಿಗಲಿಲ್ಲವೆಂದು ಪುಟ್ಟಲಿಂಗಮ್ಮತ್ತೆ
ಮಗನ ಇಸ್ಕೂಲಂಗಿಯಿಂದ ಹಲ್ಲಲ್ಲೇ ಕಿತ್ತು
ದೃಷ್ಟಿಯಾಗದಿರಲೆಂದು ಆಡಿನ ಮರಿಗೆ ಕಟ್ಟುವಾಗ
ಮರಿಯ ಕಾಲು ಹಿಡಿದುಕೊಂಡಿದ್ದವಳು ನಾನು.

ಮರಿ ಹೋದ ವಾರ ಅವಳು ಅರ್ಜಿ ಕೊಟ್ಟಳು.
"ಹೆಣ ಎಲ್ಲಿ?" ಅಂದರು. ಹೆಣವಿರಲಿಲ್ಲ.
"ಫೋಟೋ?" ಅವಳ ಫೋನಿಗೆ ಕಣ್ಣಿಲ್ಲ.
ಸಂತೇಲಿ ಮಾರ್ಕೊಂಡು ಸರ್ಕಾರಕ್ಕೆ ಕೈ ಒಡ್ಡವ್ಳೆ
ಎಂದು ಡೈರಿಯ ಮುಂದಿನ ಸಾಲು ಮಾತಾಡಿಕೊಂಡಿತು.
ಅಲ್ಲಿಂದಾಚೆ ಅವಳು ಯಾರೂ ಏಳುವ ಮುಂಚೆ
ಕತ್ತಲಲ್ಲಿ ಕ್ಯಾನು ಹೊತ್ತು ಹೋಗಿ
ಬಾಗಿಲು ತೆರೆಯುವವರೆಗೆ ಒಬ್ಬಳೇ ಕೂತಿರುತ್ತಿದ್ದಳು,
ಅದೇ ಕಬ್ಬಿನ ಪಕ್ಕದಲ್ಲಿ.
ಆರು ತಿಂಗಳು
ಆ ಚೀಲ ನನ್ನ ಕಪಾಟಿನಲ್ಲಿತ್ತು, ಸರದಿಗೆ ಕಾಯುತ್ತ,
ಮೇಲೆ ನನ್ನದೇ ದುಂಡು ಅಕ್ಷರ: ಜನವರಿ ಒಂಬತ್ತು.

ಕೂದಲನ್ನು ಗಾಜಿನ ಮೇಲಿಟ್ಟು ನೋಡಿದೆ,
ಹೆಂಚು ಹೊದಿಸಿದಂಥ ಹೊರಪದರ, ಸಂಶಯವೇ ಇಲ್ಲ.
ನಮೂನೆಯಲ್ಲಿ "ಆಡು, ಸಾಕಿದ್ದು, ಒಂದು" ಎಂದು ತುಂಬಿದೆ.
ಷರಾ ಎಂಬಲ್ಲಿ ಪೆನ್ನು ತುಂಬ ಹೊತ್ತು ನಿಂತಿತ್ತು.

ಭಾನುವಾರದ ಬಸ್ಸು, ಜೇಬಲ್ಲಿ ಔಷಧಿ ಬಾಟಲಿ.
ಅತ್ತೆ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು.
"ತೊಳ್ದಿದ್ದೀಯಾ?"
"ಮೂರ್ ಸಲ."
ಮೂಸಿ ನೋಡಿದಳು, ನಂಬದವಳಂತೆ.
"ಡೈರಿ ತಾವ ತೋರ್ಸಾನಾ ಅತ್ತೆ? ಎಲ್ರೂ ನೋಡ್ಲಿ."
"ಏನಂತ ತೋರ್ಸೀಯೆ?
ಚಿರ್ತೆ ಕಕ್ಕದಲ್ಲಿ ನನ್ನ ಮಾನ ಸಿಕ್ತು ಅಂತ್ಲಾ?"
ಅವಳ ನಗುವಿಗೆ ಕೋಳಿಗಳು ಚದುರಿದವು.
ನಕ್ಕು ಮುಗಿದ ಮೇಲೂ ಸ್ವಲ್ಪ ಹೊತ್ತು
ಸೆರಗು ಮುಖದ ಮೇಲೇ ಇತ್ತು.

ಆಮೇಲೆ "ಹಿಡ್ಕೋ" ಅಂದಳು.
ಕೊಟ್ಟಿಗೆಯಲ್ಲಿ ಹೊಸ ಮರಿ, ಹುಟ್ಟಿ ಹನ್ನೊಂದು ದಿನ,
ಕಿವಿಯಲ್ಲಿ ಒಂದು ಬಿಳಿ ಮಚ್ಚೆ.
ಬಾಟಲಿಯ ದಾರ ಗಟ್ಟಿಯಾಗೇ ಇತ್ತು.
ಒಂದು ಗಂಟು, ಎರಡು, ಮೂರು.
ನನ್ನ ಅಂಗೈಯಲ್ಲಿ ನಾಲ್ಕು ಕಾಲು ಒದೆಯುತ್ತಿದ್ದವು.

ಸೋಮವಾರ ಷರಾದಲ್ಲಿ ಬರೆದೆ:
"ದಾರ, ಗುಂಡಿ. ತೊಳೆಯುವಾಗ ಕಳೆದಿದೆ."
ಮೇಷ್ಟ್ರು ಓದಿದರು, ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದರು,
ಸಹಿ ಹಾಕಿದರು.
ನಲವತ್ತೆರಡು ನೀರಿನಲ್ಲಿ ನೆನೆಯುತ್ತಿತ್ತು.