ಸಂಗ್ರಹಿಸಿದವರು

ನಕಾಶೆಯಲ್ಲಿ ತೆನ್ರ್ಯೂ ಹೊಳೆ ಒಂದು ನೀಲಿ ದಾರ.
ಅದರುದ್ದಕ್ಕೂ ನನ್ನ ಚುಕ್ಕೆಗಳು:
ತುಂಬಿದ್ದರೆ ಹುಳು ಈಗಲೂ ಇದೆ,
ಪೊಳ್ಳಾಗಿದ್ದರೆ ಒಂದು ಕಾಲಕ್ಕೆ ಇತ್ತು, ಯಾರೋ ಕಂಡಿದ್ದರು.
ಇನಾ ಊರಿನ ಕೆಳಗೆ, ಹಳೆ ಸೇತುವೆಯ ಮಗ್ಗುಲಲ್ಲಿ
ಐವತ್ತು ವರ್ಷದಿಂದ ಪೊಳ್ಳಾಗಿಯೇ ಕೂತಿದೆ ಒಂದು.

ಕಲ್ಲುನೊಣ ನೊಣವೇನಲ್ಲ.
ಹರಿವ ತಣ್ಣೀರಲ್ಲಿ ಕಲ್ಲಿನ ಹೊಟ್ಟೆಗೆ ಅಂಟಿ
ಎರಡು ಮೂರು ವರ್ಷ ಮರಿಯಾಗಿಯೇ ಬದುಕಿ
ರೆಕ್ಕೆ ಬಂದ ಮೇಲೆ ಕೆಲವೇ ದಿನ.
ಬಾಲದ ಎಳೆ ಎರಡು. ಮೂರಿದ್ದರೆ ಅದು ಬೇರೆ ಮನೆತನ.
ಕಂಕುಳಲ್ಲಿ ಕಿವಿರಿನ ಕುಚ್ಚು.
ಹೆಡತಲೆಯ ಮೇಲೊಂದು ಕೂದಲ ಸಾಲು, ತುಂಡೋ ಅಖಂಡವೋ,
ಅಷ್ಟು ನೋಡಿ ಕುಲಗೋತ್ರ ಹೇಳುವುದು ನನ್ನ ಕಸುಬು.
ಪೊಳ್ಳು ಚುಕ್ಕೆಗೆ ಬೇಕಾದದ್ದು ಅಖಂಡ ಸಾಲಿನದು.

ತೊಯೊಜಿ ಕರಸಾವಾಗೆ ಇದೊಂದೂ ಬೇಡ.
ಎಂಬತ್ತೊಂದರ ಮುದುಕ, ಫೆಬ್ರವರಿಯ ನೀರಲ್ಲಿ ಮೊಣಕಾಲು ಮುಳುಗಿಸಿ,
ಪಾದಕ್ಕೆ ಕಬ್ಬಿಣದ ಹಲ್ಲು ಕಟ್ಟಿ,
ಗುದ್ದಲಿಯಲ್ಲಿ ಕಲ್ಲು ಮಗುಚಿ, ತುಳಿದು ಕಲಕಿ,
ಕೆಳಗೆ ಬಲೆಯೊಡ್ಡಿ ಹಿಡಿಯುವುದು ಜಾಜಾಮುಶಿ.
ಜಾ ಜಾ ಎನ್ನುವ ನೀರಿನ ಹುಳು.
ಕಲ್ಲುನೊಣಕ್ಕೂ ಅದರ ನೆರೆಹೊರೆಗೂ
ಹೊಳೆಯ ಸದ್ದೇ ಹೆಸರು.

"ಎಲ್ಲಕ್ಕೂ ಒಂದೇ ಹೆಸರಾದರೆ ಲೆಕ್ಕ ಹೇಗೆ?"
"ನಾಲಿಗೆ ಇಡುತ್ತದೆ ಲೆಕ್ಕ" ಅಂದ.
"ನಾನು ಹುಡುಗನಾಗಿದ್ದಾಗ ಬಲೆ ತುಂಬ ನಿನ್ನವೇ, ಆ ಚಪ್ಪಟೆಯವು.
ಈಗ ಬರೀ ಬಲೆ ನೇಯುವ ದಪ್ಪ ಹುಳು.
ಅದರಲ್ಲಿ ಕೊಬ್ಬಿದೆ. ನಿನ್ನದು ಗರಿಗರಿ."

ನಾಲ್ಕು ದಿನ ಹುಡುಕಿದೆ. ಬೆರಳು ಮರಗಟ್ಟಿದವು.
ಮದ್ಯಸಾರದ ಸೀಸೆಗಳು ತುಂಬಿದವು, ಬೇಡದವುಗಳಿಂದ.

ಕೊನೆಯ ಸಂಜೆ ಚಹಾದ ಜೊತೆ ಅವನೊಂದು ಜಾಡಿ ತಂದಿಟ್ಟ.
ಸೋಯಾ ಸಾಸು, ಸಕ್ಕರೆಯಲ್ಲಿ ಬತ್ತಿಸಿದ ಹುಳು,
ಮೇಲೆ ಹೆಂಡತಿಯ ಕೈಬರಹದಲ್ಲಿ ತಾರೀಖು.
ಹಿಸಾನೋ ಹೋಗಿ ಆರು ವರ್ಷ.
ಅವಳ ಕೊನೆಯ ಚಳಿಗಾಲದ ಅಡುಗೆ,
ಫ್ರೀಜರಿನ ತಳದಲ್ಲಿ, ಬಟಾಣಿ ಚೀಲದ ಹಿಂದೆ.
"ತಿನ್ನಲಾರೆ. ಎಸೆಯಲಾರೆ. ನೀನು ನೋಡು."

ಅಡುಗೆಮನೆಯ ಮೇಜಿನ ಮೇಲೆ ಸೂಕ್ಷ್ಮದರ್ಶಕ.
ಇನ್ನೂರಹದಿನೇಳು ಹುಳು ಒಂದೊಂದಾಗಿ ಚಿಮಟದಲ್ಲಿ ಎತ್ತಿದೆ.
ಬೆರಳೆಲ್ಲ ಅಂಟು.
ಇನ್ನೂರಹದಿನಾರು ಬಲೆ ನೇಯುವವು.
ಒಂದು ಚಪ್ಪಟೆ.
ಬಾಲ ಮುರಿದಿದೆ, ಕಂಕುಳ ಕುಚ್ಚು ಬೆಂದು ಕರಗಿದೆ,
ಮೈಯೆಲ್ಲ ಬೆಲ್ಲದ ಪಾಕದ ಬಣ್ಣ.
ಬಿಸಿನೀರಲ್ಲಿ ತೊಳೆದು, ಹೆಡತಲೆ ತಿರುಗಿಸಿದೆ:
ಕೂದಲ ಸಾಲು, ಈ ಕಿವಿಯಿಂದ ಆ ಕಿವಿಗೆ
(ಅದಕ್ಕೆ ಕಿವಿಯಿದ್ದಿದ್ದರೆ)
ಒಂದೆಳೆಯೂ ತಪ್ಪಿಲ್ಲ.

ಪೆನ್ಸಿಲಿನಲ್ಲಿ ಚೀಟಿ ಬರೆದೆ, ನಿಯಮದಂತೆ.
ಹೊಳೆ: ತೆನ್ರ್ಯೂ.
ತಾರೀಖು: ಜಾಡಿಯ ಮೇಲಿದ್ದದ್ದು.
ಸಂಗ್ರಹಿಸಿದವರು:

"ಬಲೆ ಹಿಡಿದದ್ದು ನಾನು" ಅಂದ ತೊಯೊಜಿ.
ಆಮೇಲೆ, ಲೋಟ ಕೆಳಗಿಟ್ಟು,
"ಆರಿಸಿದ್ದು ಅವಳು. ಕಸ, ಕಡ್ಡಿ, ಹರಳು, ಎಲ್ಲ
ಈ ದೀಪದ ಕೆಳಗೇ ಆರಿಸುತ್ತಿದ್ದಳು.
ಇದನ್ನು ಕಂಡೇ ಕಂಡಿರುತ್ತಾಳೆ.
ನನಗೆ ಹೇಳಲಿಲ್ಲ."

ಬೇಯಿಸಿದ ಮಾದರಿಯನ್ನು ಮ್ಯೂಸಿಯಂ ಒಪ್ಪುವುದೋ ಇಲ್ಲವೋ.
ಚುಕ್ಕೆಗೆ ಇನ್ನೂ ಬಣ್ಣ ತುಂಬಿಲ್ಲ.
ಚೀಟಿಯಲ್ಲಿ ಹಿಸಾನೋ ಕರಸಾವಾ ಎಂದು ಬರೆದಿದ್ದೇನೆ.

ಉಳಿದ ಇನ್ನೂರಹದಿನಾರನ್ನು ಜಾಡಿಗೆ ತುಂಬಿ
ಮುಚ್ಚಳ ಬಿಗಿದು ಕೊಟ್ಟೆ.
ಅವನು ಮುಚ್ಚಳ ತಿರುಗಿಸಿ ತೆಗೆದ.
ಒಂದನ್ನು ಬಾಯಿಗಿಟ್ಟು
ಬಹಳ ಹೊತ್ತು ಅಗಿದ.